ಲಕ್ಷ್ಮಕ್ಕನ ಹಲಗೆ ಮಡಿ

ಹೆತ್ತೂರಿನ ಎಸ್ಟೇಟ್ ಬಂಗಲೆಯ ಮುಂದೆ ತರಕಾರಿಗೆ ಅಂತ ಇಟ್ಟಿಗೆಯ ಏರುಮಡಿ, ಅಂದರೆ ಸುತ್ತ ಗೋಡೆಯೆಬ್ಬಿಸಿ ಮಣ್ಣು ತುಂಬಿದ ಎತ್ತರದ ಪಾತಿ, ಕಟ್ಟಿಕೊಟ್ಟಿದ್ದೆ. ಗಟ್ಟಿಯಾಗಿರಲಿ ಅಂತ ತಳಕ್ಕೂ ಸಿಮೆಂಟು ಮೆತ್ತಿದ್ದೆ. ಮಳೆನೀರು ನಿಂತು ಬೀನ್ಸ್ ಗಿಡಗಳೆಲ್ಲ ಕೊಳೆತವು. ಅತ್ತ ಎಸ್ಟೇಟ್ ಕೂಲಿಯವರ ಲೈನ್ ಮನೆಯ ಲಕ್ಷ್ಮಕ್ಕ ಸಿಲ್ವರ್ ಓಕ್ ಮರದ ಹಲಗೆ, ಹಳೇ ತಗಡು ನಿಲ್ಲಿಸಿ ಮಾಡಿಕೊಂಡ ಮಡಿಯಲ್ಲಿ ಬೀನ್ಸ್ ಜೋತಾಡುತ್ತಿತ್ತು. ನೋಡಿ ಹೊಟ್ಟೆ ಉರಿಯಿತು.

"ಈ ಹಲಗೆ ಎರಡು ಮಳೆಗಾಲಕ್ಕೆ ಕೊಳೆತು ಹೋಗುತ್ತೆ ಕಣಮ್ಮ," ಅಂದೆ.

"ಕೊಳೆತ್ರೆ ಗೊಬ್ಬರ ಆಯ್ತದೆ ಬುಡಿ ಸಾರ್. ನಿಮ್ಮ ಸಿಮೆಂಟು ಏನಾಯ್ತದೆ?" ಅಂದಳು. ಮೇಲಿಂದ ನನ್ನ ಚೀಲಕ್ಕೆ ಒಂದು ಬೊಗಸೆ ಬೀನ್ಸ್ ಬೇರೆ ಹಾಕಿದಳು.

ಮನೆಯಲ್ಲಿ ಪಲ್ಯ ತಿಂದ ಹೆಂಡತಿ, "ಎಷ್ಟು ಎಳೇದು ಕಣ್ರೀ! ಯಾರ ಮಡೀದು?" ಅಂದಳು.

"ಇನ್ಯಾರದು, ನಾನು ಕಟ್ಟಿದ್ದೇ," ಅಂದೆ.

"ಹಂಗಾದ್ರೆ ನಾಳೆನೂ ತನ್ನಿ."

ಮಾರನೇ ದಿನ ಚೀಲ ಹಿಡಿದು, ಲಕ್ಷ್ಮಕ್ಕನ ಹಲಗೆಯನ್ನು ಹೊಗಳೋಕೆ ಹೋದೆ.