ಪಿಸುಮಾತಿಗೊಂದು ಹೆಡ್‌ಸೆಟ್

ಆಂಟಾಪ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆಯನ್ನು ಎಲ್ಲರೂ ಅತ್ತಿಗೆ ಎಂಬರ್ಥದಲ್ಲಿ ವೈನಿ ಎನ್ನುತ್ತಿದ್ದೆವು. ಅವರ ಯಜಮಾನರಿಗೆ ವಿಕ್ರೋಳಿಯ ಕಾರ್ಖಾನೆಯಲ್ಲಿ ಸದಾ ರಾತ್ರಿಪಾಳಿ, ಹಗಲೆಲ್ಲ ಒಂದೇ ಖೋಲಿಯ ಆ ಮನೆಯ ಮಂಚದ ಮೇಲೆ ನಿದ್ದೆ. ನಾವು ಬಾಗಿಲಿಗೆ ಬಂದರೆ ಸಾಕು, ವೈನಿಯ ಬೆರಳು ತುಟಿಗೇರುತ್ತಿತ್ತು: "ಸಾವಕಾಶ, ಮಲ್ಕೊಂಡಾರ."

ಅವರಿಗಿದ್ದ ಹುಚ್ಚು ಒಂದೇ, ವಿಜಯಪುರದ ತಂಗಿಯ ಜೊತೆ ಆನ್‌ಲೈನ್ ಗೇಮ್ ಆಡುವುದು. ಅದಕ್ಕೊಂದು ಹೆಡ್‌ಸೆಟ್ ಆರಿಸಲು ನನ್ನನ್ನು ಕರೆದೊಯ್ದರು. ಮೊಬೈಲು, ಟೀವಿ, ಮಗಳ ಲ್ಯಾಪ್‌ಟಾಪು, ಎಲ್ಲಕ್ಕೂ ಅದೊಂದೇ ಆಗಬೇಕಿತ್ತು. ಅಂಗಡಿಯವನು ಎಲ್ಲಕ್ಕೂ ಜೋಡಿಸಿ ತೋರಿಸಿದರೂ ವೈನಿಗೆ ಸಮಾಧಾನವಿಲ್ಲ. ತಂಗಿಗೆ ಫೋನ್ ಹಚ್ಚಿ, ಅಂಗಡಿಯ ಗದ್ದಲದಲ್ಲೇ ಮೈಕಿಗೆ ಪಿಸುಗುಟ್ಟಿದರು: "ಕೇಳಾಕತ್ತೈತೇನ?"

"ಜೋರ್ ಸೇ ಬೋಲೋ, ಮೌಶಿ," ಎಂದ ಅಂಗಡಿಯವನು.

ವೈನಿ ನನ್ನತ್ತ ತಿರುಗಿದರು: "ಜೋರ್ ಮಾತಾಡೂದಾಗಿದ್ರ ಇದ್ಯಾಕ ಬೇಕಿತ್ತು?"

ಪಿಸುಮಾತು ತಂಗಿಗೆ ಕೇಳಿಸಿದ ಹೆಡ್‌ಸೆಟ್ಟನ್ನೇ ಕೊನೆಗೆ ತಂದೆವು.

ಯಜಮಾನರು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಹೋದೆ. ವೈನಿ ಅದೇ ಹೆಡ್‌ಸೆಟ್ ಹಾಕಿಕೊಂಡು, ಈಗಲೂ ಪಿಸುದನಿಯಲ್ಲೇ ಆಡುತ್ತಿದ್ದರು. ನಾನು ಗಟ್ಟಿಯಾಗಿ ಕರೆದೆ; ಕರೆಯಬಾರದಿತ್ತು. ಬೆರಳು ತಟ್ಟನೆ ತುಟಿಗೇರಿತು. ಆಮೇಲೆ ಅವರು ಖಾಲಿ ಮಂಚದ ಕಡೆ ನೋಡಿದರು.

ಬೆರಳು ಮಾತ್ರ ಬಹಳ ಹೊತ್ತು ಕೆಳಗಿಳಿಯಲಿಲ್ಲ.