ಟೈಪಿಂಗ್ ಮೇಡಂ ಮಲಗಿದ್ದ ಆರು ವಾರ

ನಮ್ಮ ಟೈಪಿಂಗ್ ಮೇಡಂ ಅವರ ಎಡಗೈ ಕಿರುಬೆರಳಿನ ತುದಿ ಚಪ್ಪಟೆಯಾಗಿತ್ತು. ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿ, ಆರು ಹಳೆಯ ಮೆಷಿನ್ನುಗಳ ನಡುವೆ, ಇಪ್ಪತ್ತೈದು ವರ್ಷ ಆ ಬೆರಳಿನಿಂದ ‘ಎ’ ಅಕ್ಷರ ಹೊಡೆದವರು. ಮದುವೆಯಾಗಿರಲಿಲ್ಲ. ಊಟ, ನಿದ್ದೆ ಎಲ್ಲ ಅಲ್ಲೇ ಹಿಂದಿನ ಕೋಣೆಯಲ್ಲಿ. ನಾನು ಕೀ ನೋಡಿ ಹೊಡೆದರೆ ಕೈ ಮೇಲೆ ಕರವಸ್ತ್ರ ಮುಚ್ಚಿ, “ಕಾಗದ ನೋಡು ಕಣೇ, ಬೆರಳೇನೂ ಓಡ್ಹೋಗಲ್ಲ” ಅನ್ನುವರು. ಪರೀಕ್ಷೆ ಪಾಸಾದ ಮೇಲೆ ಜೊತೆಯಲ್ಲೇ ಕಲಿಸಲು ಇಟ್ಟುಕೊಂಡರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ಅವರಿಗೆ ಜ್ವರ ಹಿಡಿಯಿತು. ಟೈಫಾಯ್ಡ್ ಎಂದು ಮಾತ್ರೆ ನುಂಗಿದರು. ಇಳಿಯಿತು, ಮತ್ತೆ ಏರಿತು. ಜೊತೆಗೆ ಬೆನ್ನು ನೋವು. “ಇಂಗೇ ಕುಂತ್ರೆ ಆಗಾಕಿಲ್ಲ ಮೇಡಮ್ಮೋರೇ, ಆಸನಕ್ಕೆ ಓಗಿ ತೋರಿಸ್ಬುಡಿ” ಎಂದು ಕೆಳಗಿನ ತೆಂಗಿನಕಾಯಿ ಮಂಡಿಯವರು ಗದರಿದ ಮೇಲೆ ನಾನೇ ಕರೆದೊಯ್ದೆ. ಹಾಸನದ ಡಾಕ್ಟರು ಹೊಟ್ಟೆ ಒತ್ತಿ ನೋಡುತ್ತಿದ್ದವರು ತಟ್ಟನೆ ಕೈ ತೆಗೆದು ಸ್ಕ್ಯಾನ್ ಮಾಡಿಸಿದರು.

“ಹೃದಯದಿಂದ ಹೊಟ್ಟೆಗೆ ಇಳಿಯೋ ದೊಡ್ಡ ರಕ್ತನಾಳಕ್ಕೇ ಬ್ಯಾಕ್ಟೀರಿಯಾ ಸೋಂಕಾಗಿದೆ. ಗೋಡೆ ಮೆತ್ತಗಾಗಿ ಉಬ್ಬಿದೆ. ಒಡೆದರೆ ಉಳಿಸೋಕಾಗಲ್ಲ. ಈಗಲೇ ಮೈಸೂರಿಗೆ ಹೊರಡಿ.”

ಮೈಸೂರಿನಲ್ಲಿ ಆಪರೇಷನ್ನಿಗೆ ಮನೆಯವರ ಸಹಿ ಕೇಳಿದರು. ಅರಕಲಗೂಡಿನ ಅವರ ಅಣ್ಣ ಫೋನಿನಲ್ಲಿ “ನೀವೇ ನೋಡ್ಕಳಿ” ಅಂದುಬಿಟ್ಟ. ಫಾರಮ್ಮಿನಲ್ಲಿ ‘ಸಂಬಂಧ’ ಎಂಬಲ್ಲಿ ನನ್ನ ಪೆನ್ನು ನಿಂತಿತು. ಸ್ಟ್ರೆಚರಿನ ಮೇಲಿಂದಲೇ ಮೇಡಂ, “ಮಗಳು ಅಂತ ಬರಿ. ಸುಳ್ಳಿನ ಪಾಪ ನಂಗಿರ್ಲಿ” ಅಂದರು. ಬರೆದೆ.

ಸೋಂಕು ತಗುಲಿದ ಭಾಗ ಕತ್ತರಿಸಿ ಕೃತಕ ಕೊಳವೆ ಜೋಡಿಸಿದರು. ಆಮೇಲೆ ಆರು ವಾರ, ದಿನಕ್ಕೆ ಮೂರು ಸಲ ಆ್ಯಂಟಿಬಯೋಟಿಕ್ ಡ್ರಿಪ್. ನಾನು ಹೋದದ್ದು ಎರಡೇ ಭಾನುವಾರ. ತರಗತಿ ನೋಡಿಕೊಳ್ಳಬೇಕು ಎಂಬ ನೆಪವಿತ್ತು. ನಿಜವೆಂದರೆ, ಅವರು ವಾರ್ಡಿನ ಬಾಗಿಲನ್ನೇ ನೋಡುತ್ತ ಮಲಗಿರುವುದನ್ನು ಕಾಣಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಚೀಲ ಹಿಡಿದು, ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಒಬ್ಬರೇ ಹತ್ತಿಬಂದರು. ಹುಡುಗಿಯರ ಬೆರಳೆಲ್ಲ ನಿಂತವು.

“ಹೇಳಿದ್ರೆ ಬರ್ತಿದ್ನಲ್ಲ ಮೇಡಂ.”

“ಜೊತೆಗೆ ಯಾರೂ ಇಲ್ದೆ ಕಳ್ಸಲ್ಲ ಅಂದ್ರು. ಮಗಳು ಗೇಟಲ್ಲಿ ಕಾಯ್ತಿದಾಳೆ ಅಂತ ಹೇಳ್ಬಂದೆ” ಎಂದು ನೀರು ಕೇಳಿದರು.

ಆ ಬಗ್ಗೆ ಮತ್ತೆಂದೂ ಒಂದು ಮಾತೂ ಆಡಲಿಲ್ಲ. ದಿನವೂ ಮಾತ್ರೆ ನುಂಗುತ್ತ ಏಳು ವರ್ಷ ಬದುಕಿದರು. ನನಗೆ ಚನ್ನರಾಯಪಟ್ಟಣದ ಕಚೇರಿಯಲ್ಲಿ ಕೆಲಸ ಸಿಕ್ಕಿದ್ದು ಅವರು ಕಲಿಸಿದ ವಿದ್ಯೆಯಿಂದ. ಅರ್ಜಿ ತುಂಬಿ ಅಂಚೆಗೆ ಹಾಕಿದವರೂ ಅವರೇ. ನಾನು ಹೊರಟ ಮೇಲೆ, ಕೊಳವೆ ಜೋಡಿಸಿದಲ್ಲೇ ಮತ್ತೆ ಸೋಂಕಾಗಿ ತೀರಿಕೊಂಡರಂತೆ. ಸುದ್ದಿ ನನ್ನನ್ನು ಮುಟ್ಟುವಷ್ಟರಲ್ಲಿ ಮೂರು ದಿನ ಕಳೆದಿತ್ತು. ನನಗೆ ತಿಳಿಸಬೇಕು ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.