ಹಾಡಿ ಹೊಲ

ಸಿದ್ಧಾರ್ಥನಗರದ ನಮ್ಮ ಬೀದಿಯ ತಿರುವಿನಲ್ಲಿ ಮೊನ್ನೆ ಒಬ್ಬ ಹೆಂಗಸು ಕಾಡುಗೆಣಸು ಹರವಿಕೊಂಡು ಕೂತಿದ್ದಳು. ಮಣ್ಣು ಇನ್ನೂ ಹಸಿಯಾಗಿತ್ತು. ಒಂದನ್ನು ಎತ್ತಿ ಮೂಸಿದೆ ನೋಡಿ, ಸೊಪ್ಪು ತರಲು ಹೊರಟವಳು ಅಲ್ಲೇ ನಿಂತುಬಿಟ್ಟೆ.

ನಮ್ಮ ತಂದೆಯದು ಕೋಟೆ ತಾಲ್ಲೂಕಿನ ಕಾಡಂಚಿನ ಊರು. ಅಲ್ಲಿ ನಮ್ಮ ಒಂದು ಹೊಲಕ್ಕೆ 'ಹಾಡಿ ಹೊಲ' ಎಂದು ಹೆಸರು. ಹಿಂದೆ ಯಾರೋ ಅಲ್ಲಿ ಹಾಡಿರಬೇಕು, ಅದಕ್ಕೇ ಹಾಗನ್ನುತ್ತಾರೆ ಎಂದು ನಾನು ನಂಬಿದ್ದೆ. ರಜೆಗೆ ಹೋದಾಗಲೆಲ್ಲ ಬದುವಿನ ಮೇಲೆ ನಿಂತು ಶಾಲೆಯ ಪ್ರಾರ್ಥನೆಯನ್ನು ಗಂಟಲು ಹರಿಯುವಂತೆ ಹಾಡುತ್ತಿದ್ದೆ. ನನ್ನ ಕಂಠಕ್ಕೆ ಉಳುವ ಎತ್ತುಗಳೂ ನಿಂತುಬಿಡುತ್ತಿದ್ದವು. ಮನೆಯವರು ನಕ್ಕರೇ ಹೊರತು ಯಾರೂ ತಿದ್ದಲಿಲ್ಲ.

ಅಜ್ಜಿಗೆ ಊರು ಕಟ್ಟಿದ ಕಥೆ ಹೇಳುವುದೆಂದರೆ ಪ್ರಾಣ. "ನಮ್ಮಾವ ಬಂದಾಗ ಇಲ್ಲಿ ಒಂದು ನರಪಿಳ್ಳೆನೂ ಇರ್ನಿಲ್ಲ ಕಣಮ್ಮ, ಬರೀ ಕಾಡು" ಎನ್ನುವಳು. ಅದೇ ಉಸಿರಿನಲ್ಲಿ, "ಬಾವಿ ಎಲ್ಲಿ ತೋಡ್ಬೇಕು ಅಂತ ತೋರ್ಸಿದ್ದು ಬೊಮ್ಮಿ ಅಪ್ಪ" ಎಂದೂ ಸೇರಿಸುವಳು. ಯಾರೂ ಇಲ್ಲದ ಕಾಡಿಗೆ ಬೊಮ್ಮಿಯ ಅಪ್ಪ ಎಲ್ಲಿಂದ ಬಂದನೆಂದು ಅಜ್ಜಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬೊಮ್ಮಿ ಜೇನುಕುರುಬರ ಮುದುಕಿ. ಆಗಾಗ ಗೆಣಸು ತಂದು ಅಜ್ಜಿಗೆ ಕೊಟ್ಟು, ರಾಗಿ ಪಡೆದು, ಹೋಗುವಾಗ ಆ ಹೊಲದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಒಮ್ಮೆ ಕೇಳಿಯೇಬಿಟ್ಟೆ: "ಇಲ್ಲಿ ಹಾಡ್ತಿದ್ದಿದ್ದು ನೀನೇನಜ್ಜಿ?"

ಅವಳು ಬಾಯ್ತುಂಬ ನಕ್ಕಳು. "ಹಾಡೂ ಹಾಡ್ತಿದ್ವಿ, ಗೆಣಸೂ ಬೇಯಿಸ್ತಿದ್ವಿ. ನಮ್ ಗುಡಿಸ್ಲೆಲ್ಲ ಇದ್ದಿದ್ದೇ ಇಲ್ಲಿ ಕಣವ್ವ. ನಮ್ ಕೇರಿಗೇ ಹಾಡಿ ಅನ್ನೋದು. ಆ ಮೂಲೇಲೇ ನಮ್ಮವ್ವನ್ನ ಮಣ್ಣು ಮಾಡಿರೋದು."

ತನ್ನನ್ನೂ ಅವ್ವನ ಪಕ್ಕದಲ್ಲೇ ಮಣ್ಣು ಮಾಡಬೇಕೆಂಬುದೊಂದೇ ಅವಳ ಆಸೆ. ಅಜ್ಜಿ "ಆಗ್ಲಿ ಬುಡು" ಎಂದಿದ್ದಳು. ಆದರೆ ಬೊಮ್ಮಿ ತೀರಿಕೊಳ್ಳುವ ಹೊತ್ತಿಗೆ ಅಜ್ಜಿಯೇ ಇರಲಿಲ್ಲ. ಕೇಳಲು ಬಂದ ಅವಳ ಕಡೆಯವರನ್ನು ದೊಡ್ಡಪ್ಪ, "ಇವತ್ತು ಗುಂಡಿ ಅಂತೀರಿ, ನಾಳೆ ಹೊಲಾನೇ ನಮ್ದು ಅಂತೀರಿ" ಎಂದು ವಾಪಸ್ಸು ಕಳುಹಿಸಿದರು. ದೊಡ್ಡಪ್ಪ ಕೆಟ್ಟವರಲ್ಲ, ಹೆದರಿದ್ದರು. ಆ ಹೆದರಿಕೆ ಯಾಕೆ ಬಂತೆಂದು ಈಗ ನನಗೆ ಅರ್ಥವಾಗುತ್ತದೆ. ಅದೇ ಸಂಕಟ.

"ಯಾವೂರಕ್ಕ ನಿಮ್ದು?" ಗೆಣಸು ತೂಗುತ್ತಾ ಆ ಹೆಂಗಸು ಕೇಳಿದಳು.

ನಮ್ಮ ಮುತ್ತಜ್ಜ ಕಟ್ಟಿದ ಊರು ಎಂದು ಜಂಬ ಕೊಚ್ಚಿ ಅಭ್ಯಾಸವಾದ ಬಾಯಿ ತಡವರಿಸಿತು. ಊರಿನ ಹೆಸರು ಹೇಳಿ, "ನಾವು ಆಮೇಲೆ ಬಂದೋರು ಕಣಮ್ಮ" ಎಂದೆ.

ಅವಳ ಮುಖ ಅರಳಿತು. "ಅಂಗಾದ್ರೆ ಅಲ್ಲಿ ನಮ್ಮ ಹಾಡಿಯೋರ್ನ ನೋಡಿರ್ತೀರಿ!"

"ಬೊಮ್ಮಜ್ಜಿ ಅಂತ ಒಬ್ರಿದ್ರು" ಎಂದೆ.

"ಎಲ್ಲವ್ರೆ ಈಗ?"

ತೀರಿಕೊಂಡರು ಎನ್ನಬಹುದಿತ್ತು. ಆದರೆ ಬೊಮ್ಮಿಯನ್ನು ಕೊನೆಗೆ ಎಲ್ಲಿ ಮಣ್ಣು ಮಾಡಿದರೆಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

"ಗೊತ್ತಿಲ್ಲ ಕಣಮ್ಮ" ಎಂದೆ.